ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಬೇಕಾ?

ಪರ: ಪ್ರಶ್ನೆ ಕೇಳೋದನ್ನೂ ಕಲಿಯಬೇಕು

ಡಿಗ್ರಿಯಲ್ಲಿ ಸಮಾಜಶಾಸ್ತ್ರ ಓದಿದವರಿಗೆ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ಡರ್ಖೈಮ್, ವೇಬರ್, ಮಾರ್ಕ್ಸ್ ಹೆಸರು ಗೊತ್ತಿರುತ್ತದೆ. ಯಾರು ಏನು ಹೇಳಿದರು ಅಂತ ನಾಲ್ಕು ಸಾಲು ಬರೆಯಲೂ ಬರುತ್ತದೆ. ಅವರು ಆ ತೀರ್ಮಾನಕ್ಕೆ ಹೇಗೆ ಬಂದರು, ಅದನ್ನು ಎಷ್ಟು ನಂಬಬಹುದು ಅನ್ನೋದು ಮಾತ್ರ ಎಂ.ಎ.ಗೆ ಬಂದ ಮೇಲೇ ಸರಿಯಾಗಿ ತಿಳಿಯೋದು.

ಡರ್ಖೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಅಧ್ಯಯನ ಪ್ರಕಟಿಸಿದ. ಅದಕ್ಕಿಂತ ಖಾಸಗಿ ವಿಷಯ ಇನ್ನೊಂದಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಸರ್ಕಾರಿ ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಅವನಿಗೆ ಬೇರೆಯೇ ಚಿತ್ರ ಕಂಡಿತು. ಕ್ಯಾಥೊಲಿಕರಿಗಿಂತ ಪ್ರಾಟೆಸ್ಟೆಂಟರಲ್ಲಿ, ಮದುವೆಯಾದವರಿಗಿಂತ ಆಗದವರಲ್ಲಿ ಪ್ರಮಾಣ ಜಾಸ್ತಿ. ಜನರ ನಡುವಿನ ನಂಟು ಸಡಿಲವಾದಷ್ಟೂ ಅಪಾಯ ಹೆಚ್ಚು ಅಂದ. ಡಿಗ್ರಿಯ ಪಾಠ ಇಲ್ಲಿಗೆ ಮುಗಿಯುತ್ತದೆ. ಎಂ.ಎ. ತರಗತಿಯಲ್ಲಿ ಮುಂದಿನ ಪ್ರಶ್ನೆ ಏಳುತ್ತದೆ: ಆ ಅಂಕಿಗಳನ್ನು ಬರೆದವರು ಯಾರು? ಒಂದು ಸಾವನ್ನು ಆತ್ಮಹತ್ಯೆ ಅಂತ ದಾಖಲಿಸಬೇಕೋ ಬೇಡವೋ ಅಂತ ಯಾರೋ ಒಬ್ಬರು ತೀರ್ಮಾನಿಸಿರುತ್ತಾರೆ. ಆತ್ಮಹತ್ಯೆಯನ್ನು ಪಾಪ ಅನ್ನುವ ಕಡೆ ಮನೆಯವರು ಅದನ್ನು ಮುಚ್ಚಿಟ್ಟಿರಲೂಬಹುದು. ಅಂಕಿಯ ಹಿಂದೆಯೂ ಸಮಾಜ ಇದೆ ಅಂತ ಒಮ್ಮೆ ಹೊಳೆದರೆ ಪೇಪರ್ ಓದುವ ರೀತಿಯೇ ಬದಲಾಗುತ್ತದೆ.

ಸಂಶೋಧನಾ ವಿಧಾನದ ಪತ್ರಿಕೆಯನ್ನು ಬೋರ್ ಅನ್ನುವವರು ಬಹಳ ಜನ. ನನಗೆ ಅದೇ ಇಡೀ ಕೋರ್ಸಿನ ಜೀವ. 'ನಿಮ್ಮ ಮನೆಯಲ್ಲಿ ನಿರ್ಧಾರ ಯಾರದು?' ಅಂತ ಮದುವೆಯಾದ ಹೆಣ್ಣುಮಗಳನ್ನು ಕೇಳಿದರೆ 'ಇಬ್ಬರೂ ಸೇರಿ' ಅಂದುಬಿಡೋದು ಸುಲಭ. 'ಕಳೆದ ಸಲ ದೊಡ್ಡ ಖರ್ಚು ಮಾಡುವಾಗ ಮೊದಲು ಮಾತೆತ್ತಿದ್ದು ಯಾರು? ದುಡ್ಡು ಯಾರ ಕೈಯಲ್ಲಿತ್ತು?' ಅಂತ ಕೇಳಿ ನೋಡಿ, ಉತ್ತರ ಬೇರೆ ಬರಬಹುದು. ಗಂಡ ಪಕ್ಕದಲ್ಲೇ ಕೂತಿದ್ದರೆ ಮತ್ತೂ ಬೇರೆ. ಇದು ಓದಿ ಬರೋದಲ್ಲ. ತಪ್ಪು ಪ್ರಶ್ನೆ ಹಿಡಿದು ಹೋಗಿ, ವಾಪಸ್ ಬಂದು, ಗೈಡ್ ಹತ್ತಿರ ತಿದ್ದಿಸಿಕೊಂಡು ಮತ್ತೆ ಹೋದಾಗ ಬರೋದು. ಹಾಗೆ ತಿದ್ದುವ ಒಬ್ಬರು ಹೊರಗೆ ಸುಲಭವಾಗಿ ಸಿಗೋದಿಲ್ಲ.

ವಿರೋಧ: ಕಲಿಕೆ ಬೇಕು, ಅದಕ್ಕೆ ಎರಡು ವರ್ಷ ಯಾಕೆ?

ಅಮೆರಿಕದ ಫಿಲಡೆಲ್ಫಿಯಾ ನಗರದ ಕಪ್ಪು ಜನರ ಬದುಕಿನ ಬಗ್ಗೆ ಮನೆಮನೆಗೆ ಹೋಗಿ ವಿಚಾರಿಸಿ, 1899ರಲ್ಲಿ ಅಧ್ಯಯನ ಪ್ರಕಟಿಸಿದ ಸಮಾಜಶಾಸ್ತ್ರಜ್ಞ ಡುಬಾಯ್ಸ್ ಡಾಕ್ಟರೇಟ್ ಪಡೆದಿದ್ದು ಇತಿಹಾಸದಲ್ಲಿ. ವೇಬರ್ ಓದಿದ್ದು ಕಾನೂನು. ಆಗ ಈ ಪದವಿ ಇನ್ನೂ ಬೇರೂರಿರಲಿಲ್ಲ ಅನ್ನಬಹುದು, ಒಪ್ಪೋಣ. ಆದರೂ ಸಮಾಜವನ್ನು ನೋಡುವ ಕಣ್ಣಿಗೆ ಬಾಗಿಲು ಒಂದೇ ಅಲ್ಲ ಅನ್ನೋದಂತೂ ನಿಜ.

ಮೇಲೆ ಹೇಳಿದ ಗೈಡ್ ಎಷ್ಟು ಜನರಿಗೆ ಸಿಗುತ್ತಾರೆ? ಹಳೇ ನೋಟ್ಸ್ ಓದಿ ಹೇಳುವ ತರಗತಿ, ಅದನ್ನೇ ಬರೆದು ಪಾಸಾಗುವ ಪರೀಕ್ಷೆ, ಕೊನೇ ತಿಂಗಳಲ್ಲಿ ಅವಸರದಿಂದ ಮುಗಿಸಿದ ಪ್ರಬಂಧ. ಇಂಥ ಎಂ.ಎ. ಕೂಡ ಎಂ.ಎ.ನೇ. ಅದಕ್ಕೆ ಫೀಸಿನ ಜೊತೆಗೆ ಎರಡು ವರ್ಷದ ಸಂಪಾದನೆಯೂ ಹೋಗುತ್ತದೆ. ಮನೆಯಲ್ಲಿ ಹಣದ ಆಸರೆ ಇಲ್ಲದವರಿಗೆ ಇದು ಸಣ್ಣ ಮಾತಲ್ಲ. ಮುಂದೆ ಏನು ಮಾಡೋದು ಅಂತ ಗೊತ್ತಾಗದೆ ಸುಮ್ನೆ ಸೇರಿದವರಿಗಂತೂ ಆ ಪ್ರಶ್ನೆ ಎರಡು ವರ್ಷದ ನಂತರ ಇನ್ನೂ ಜೋರಾಗಿ ಎದುರಾಗುತ್ತದೆ.

ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಮಾತು ಬೇರೆ, ಆಗ ಈ ಪದವಿ ಬೇಕೇ ಬೇಕು. ಸರ್ವೇ, ಸ್ವಯಂಸೇವಾ ಸಂಸ್ಥೆ, ಗ್ರಾಹಕರ ಅಧ್ಯಯನ ಇಂಥ ಕೆಲಸಗಳಲ್ಲಿ ಕೇಳೋದು ಡೇಟಾ ಸರಿಪಡಿಸಲು ಬರುತ್ತಾ, ಜನರ ಜೊತೆ ಮಾತಾಡಲು ಬರುತ್ತಾ, ವರದಿ ಬರೆಯುತ್ತೀರಾ ಅಂತ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ರಾನೊವೆಟ್ಟರ್ 1973ರಲ್ಲೇ ತೋರಿಸಿದ್ದ: ಕೆಲಸದ ಸುದ್ದಿ ಎಷ್ಟೋ ಸಲ ಬರೋದು ಹತ್ತಿರದ ಗೆಳೆಯರಿಂದಲ್ಲ, ಅಪರೂಪಕ್ಕೆ ಸಿಗುವ ಪರಿಚಯದವರಿಂದ. ಅಂಥ ಪರಿಚಯ ಒಂದೇ ತರಗತಿಯಲ್ಲಿ ಕೂತವರಿಗಿಂತ ಊರೂರು ತಿರುಗುವ ಸರ್ವೇ ತಂಡದವರಿಗೆ ಬೇಗ ಆಗುತ್ತದೆ.

ಇಷ್ಟಾದರೂ ಸೇರಲೇಬೇಕು ಅನ್ನಿಸಿದರೆ ಅರ್ಜಿ ಹಾಕುವ ಮೊದಲು ವಿಭಾಗಕ್ಕೆ ಹೋಗಿ ಹಿಂದಿನ ಬ್ಯಾಚಿನ ಪ್ರಬಂಧಗಳನ್ನು ತೋರಿಸಿ ಅನ್ನಿ. ವಿದ್ಯಾರ್ಥಿಗಳೇ ಕೇಳಿ ಬರೆದುಕೊಂಡ ಜನರ ಮಾತು ಒಂದರಲ್ಲೂ ಕಾಣದಿದ್ದರೆ ಅಲ್ಲಿ ಸೇರಬೇಡಿ.