ಆ ಫೈಲ್ ಒಳಗೆ ದುಡ್ಡಿಲ್ಲ ಕಣ್ರೀ

ನಿನ್ನೆ ರಾತ್ರಿ 11ರಿಂದ 2 ಗಂಟೆವರೆಗೆ ಫೋನ್ ಕಿವಿಯಿಂದ ಇಳಿಸಿಲ್ಲ. ಬೆಳಗ್ಗೆ ಎದ್ದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೆಳೆಯನೊಬ್ಬನ ಲ್ಯಾಪ್‌ಟಾಪ್ ಕೆಟ್ಟು ಕೂತಿದೆ. ಅವನ ಕ್ರಿಪ್ಟೋ ವಾಲೆಟ್, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯ ನಿಭಾಯಿಸುವ ತಂತ್ರಾಂಶ, ಅದರ ಬ್ರೌಸರ್‌ನಲ್ಲಿತ್ತು. ಆನ್‌ಲೈನ್ ವಾಲೆಟ್ ತಾನೆ, ಎಲ್ಲಿಂದ ಬೇಕಾದರೂ ತೆರೆಯಬಹುದು ಅಂದುಕೊಂಡಿದ್ದ. ಹೊಸ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಏನೂ ಇಲ್ಲ. ಕೆಲವು ವಾಲೆಟ್‌ಗಳು ಬೀಗ ಹಾಕಿದ ಒಂದು ಪ್ರತಿಯನ್ನು ತಮ್ಮ ಸರ್ವರ್‌ನಲ್ಲಿ ಇಡುತ್ತವೆ. ಇನ್ನು ಕೆಲವು ನಿಮ್ಮ ಬ್ರೌಸರ್‌ನಲ್ಲಿ ಮಾತ್ರ ಇಡುತ್ತವೆ. ಇವನದು ಎರಡನೇ ಥರದ್ದು.

"ಪರವಾಗಿಲ್ಲ ಬಿಡೋ, ಬ್ಯಾಕಪ್ ಫೈಲ್ ಮೂರು ಕಡೆ ಇಟ್ಟಿದ್ದೀನಿ" ಅಂದ. ಹತ್ತು ನಿಮಿಷಕ್ಕೆ ಮತ್ತೆ ಫೋನ್. "ಫೈಲ್ ಹಾಳಾಗಿದೆ ಕಣೋ. ತೆರೆದ್ರೆ ಬರೀ ಏನೇನೋ ಅಕ್ಷರ."

ಹಾಳಾಗಿರಲಿಲ್ಲ. ಆ ಫೈಲ್ ಇರುವುದೇ ಹಾಗೆ. ಅದು ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ಒಳಗಿನ ಕೀ (ನಾಣ್ಯ ಖರ್ಚು ಮಾಡಲು ಬೇಕಾದ ಗುಟ್ಟಿನ ಸಂಖ್ಯೆ) ಸಲೀಸಾಗಿ ಕಂಡರೆ ಆಗ ಹೆದರಬೇಕು. ಅದನ್ನು ವಾಲೆಟ್‌ನ ರಿಸ್ಟೋರ್ ಜಾಗದಲ್ಲಿ ಕೊಟ್ಟು ಪಾಸ್‌ವರ್ಡ್ ಹಾಕು ಅಂದೆ. ಹಾಕಿದ. ತಪ್ಪು ಪಾಸ್‌ವರ್ಡ್ ಅಂತ ಬಂತು. ಮತ್ತೆ ಹಾಕಿದ, ಮತ್ತೆ ತಪ್ಪು. "ದಿನಾ ಇದೇ ಪಾಸ್‌ವರ್ಡ್ ಹಾಕ್ತಿದ್ದೆ ಕಣೋ!" ಅಂತ ಕೂಗಿದ.

ಫೈಲ್ ಯಾವಾಗಿನದು ಕೇಳಿದೆ. ಮೂರು ವರ್ಷದ ಹಿಂದಿನದು. ಪಾಸ್‌ವರ್ಡ್ ಯಾವಾಗ ಬದಲಾಯಿಸಿದೆ? ಹೋದ ವರ್ಷ.

ಅಲ್ಲೇ ಗೊತ್ತಾಯಿತು. ಬ್ಯಾಕಪ್ ಫೈಲ್ ತೆರೆಯುವುದು ಅದನ್ನು ಇಳಿಸಿಕೊಂಡ ದಿನದ ಪಾಸ್‌ವರ್ಡ್‌ಗೆ. ಆಮೇಲೆ ವಾಲೆಟ್‌ನಲ್ಲಿ ಹತ್ತು ಸಲ ಪಾಸ್‌ವರ್ಡ್ ಬದಲಾಯಿಸಿದರೂ ಪೆನ್ ಡ್ರೈವ್‌ನಲ್ಲಿ ಮಲಗಿರುವ ಫೈಲ್‌ಗೆ ಅದು ತಿಳಿಯುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ನಿಮ್ಮ ಹಳೆ ಫೈಲ್, ಹಳೆ ಸುಲಭ ಪಾಸ್‌ವರ್ಡ್ ಎರಡೂ ಯಾರಿಗಾದರೂ ಸಿಕ್ಕಿದ್ದರೆ, ನೀವು ಇವತ್ತು ಹೊಸ ಪಾಸ್‌ವರ್ಡ್ ಹಾಕಿದ್ದರಿಂದ ಏನೂ ಪ್ರಯೋಜನ ಇಲ್ಲ. ಅಂಥ ಅನುಮಾನ ಬಂದರೆ ಹೊಸ ವಾಲೆಟ್ ಮಾಡಿ ಎಲ್ಲವನ್ನೂ ಅದಕ್ಕೆ ಕಳಿಸಿಬಿಡಬೇಕು.

ಈ ಮಾತನ್ನು ಪಾಸ್‌ವರ್ಡ್ ಬದಲಾಯಿಸುವ ಪುಟದಲ್ಲಿ ಒಂದೇ ಸಾಲು ಬರೆಯಲು ಏನು ಕಷ್ಟ? ನನ್ನ ಸಿಟ್ಟು ಇದೇ. ಫೈಲ್ ಇಳಿದ ತಕ್ಷಣ ಹಸಿರು ಟಿಕ್ ತೋರಿಸುತ್ತಾರೆ. ಬ್ಯಾಕಪ್ ಆಯಿತು ಅನ್ನುತ್ತಾರೆ. ಏನು ಆಯಿತು? ಒಂದು ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ಗೆ ಬಂತು, ಅಷ್ಟೇ. ಅದರಲ್ಲಿ ಏನಿದೆ, ಯಾವ ಪಾಸ್‌ವರ್ಡ್‌ಗೆ ತೆರೆಯುತ್ತದೆ, ಎಷ್ಟು ದಿನ ಕೆಲಸಕ್ಕೆ ಬರುತ್ತದೆ, ಯಾರೂ ಹೇಳುವುದಿಲ್ಲ.

ಅದರಲ್ಲಿ ದುಡ್ಡಿರುವುದಿಲ್ಲ. ನಾಣ್ಯದ ಲೆಕ್ಕ ಇರುವುದು ಬ್ಲಾಕ್‌ಚೈನ್ ಅನ್ನುವ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ, ಎಲ್ಲರ ಕಣ್ಣೆದುರು. ಫೈಲ್‌ನಲ್ಲಿ ಇರುವುದು ಅದನ್ನು ಖರ್ಚು ಮಾಡಲು ಬೇಕಾದ ಪ್ರೈವೇಟ್ ಕೀಗಳು, ಅಥವಾ ಆ ಕೀಗಳೆಲ್ಲ ಹುಟ್ಟುವ ಮೂಲ ಸೀಡ್. ಫೈಲ್ ಮೂರು ಕಡೆ ಇಟ್ಟರೆ ದುಡ್ಡು ಮೂರು ಪಟ್ಟು ಭದ್ರ ಆಗುವುದಿಲ್ಲ. ಪಾಸ್‌ವರ್ಡ್ ಒಂದು ಹೋದರೆ ಮೂರೂ ಹೋದಂತೆ. ಇಂಥ ವಾಲೆಟ್‌ನಲ್ಲಿ ಪಾಸ್‌ವರ್ಡ್ ಮರೆತೆ ಅಂತ ಕಂಪನಿಗೆ ಬರೆದರೂ ಪ್ರಯೋಜನ ಇಲ್ಲ, ಅವರ ಹತ್ತಿರವೂ ಅದು ಇರುವುದಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳುತ್ತೇನೆ. ನಾನೂ ಕಳೆದುಕೊಂಡಿದ್ದೇನೆ. 2014ರಲ್ಲಿ. ಬಿಟ್‌ಕಾಯಿನ್ ಕೋರ್ ಅನ್ನುವ ವಾಲೆಟ್ ತಂತ್ರಾಂಶದ ಆಗಿನ ವಾಲೆಟ್.ಡ್ಯಾಟ್ ಫೈಲ್‌ಗಳಲ್ಲಿ 100 ಕೀಗಳನ್ನು ಮೊದಲೇ ಮಾಡಿ ಇಡುತ್ತಿದ್ದರು. ಪ್ರತಿ ಸಲ ದುಡ್ಡು ಕಳಿಸಿದಾಗ ಉಳಿದ ಚಿಲ್ಲರೆ ನನ್ನದೇ ಒಂದು ಹೊಸ ವಿಳಾಸಕ್ಕೆ (ಖಾತೆ ಸಂಖ್ಯೆಯಂಥದ್ದು) ಹೋಗುತ್ತಿತ್ತು, ಒಂದು ಕೀ ಖರ್ಚಾಗುತ್ತಿತ್ತು. ಆ 100 ಮುಗಿದ ಮೇಲೆ ಹುಟ್ಟಿದ ಕೀ ಹಳೆ ಬ್ಯಾಕಪ್‌ನಲ್ಲಿ ಇರುವುದಿಲ್ಲ. ನನಗೆ ಗೊತ್ತಿರಲಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟಾಗ ನೆಮ್ಮದಿಯಾಗಿ ಹಳೆ ಪ್ರತಿ ಹಾಕಿದೆ. ಪಾಸ್‌ವರ್ಡ್ ಸರಿ ಇತ್ತು, ಫೈಲ್ ತೆರೆಯಿತು, ಬ್ಯಾಲೆನ್ಸ್ ಸೊನ್ನೆ. ಇವತ್ತಿಗೂ ಆ ವಿಳಾಸ ಹುಡುಕಿದರೆ ನನ್ನ ನಾಣ್ಯ ಅಲ್ಲೇ ಕಾಣುತ್ತದೆ. ವರ್ಷಕ್ಕೊಮ್ಮೆ ನೋಡುತ್ತೇನೆ. ಮುಟ್ಟಲಾಗುವುದಿಲ್ಲ. 2016ರಲ್ಲಿ ಬಿಟ್‌ಕಾಯಿನ್ ಕೋರ್‌ನ 0.13 ಆವೃತ್ತಿ ಬಂದಾಗ ಒಂದೇ ಸೀಡ್‌ನಿಂದ ಎಲ್ಲ ಕೀ ಹುಟ್ಟಿಸುವ ಪದ್ಧತಿ ಅದಕ್ಕೂ ಬಂತು. ನನ್ನ ಪಾಲಿಗೆ ತಡವಾಗಿತ್ತು.

ಈಗ ಒಬ್ಬರಾದರೂ ಹೇಳುತ್ತಾರೆ: "ಫೈಲ್ ಯಾಕೆ ಬೇಕು, ವಾಲೆಟ್ ಮಾಡುವಾಗ ತೋರಿಸುವ 12 ಪದ ಬರೆದಿಟ್ಟರೆ ಸಾಕಲ್ವಾ?" ಪದಗಳು ಒಳ್ಳೆಯವು, ಒಪ್ಪುತ್ತೇನೆ. 2048 ಪದಗಳ ಪಟ್ಟಿಯಿಂದ ಆರಿಸಿದ 12 ಪದಗಳನ್ನು ಅದೇ ಕ್ರಮದಲ್ಲಿ ಕೊಟ್ಟರೆ ಸೀಡ್ ಮತ್ತೆ ಸಿಗುತ್ತದೆ. ಆದರೆ ಬೇರೆ ಕಡೆಯಿಂದ ತಂದು ಸೇರಿಸಿದ ಪ್ರೈವೇಟ್ ಕೀ ಆ ಪದಗಳಿಂದ ಹುಟ್ಟಿದ್ದಲ್ಲ, ಹಾಗಾಗಿ ಅದು ವಾಪಸ್ ಬರುವುದಿಲ್ಲ. ಎಷ್ಟೋ ಹಳೆ ವಾಲೆಟ್‌ಗಳಿಗೆ ಪದಗಳೇ ಇಲ್ಲ. ಇನ್ನು ಪದ ತೋರಿಸಿದ ದಿನ ಜನ ಏನು ಮಾಡುತ್ತಾರೆ? ನನ್ನ ಗೆಳೆಯ "ಆಮೇಲೆ" ಅಂತ ಒತ್ತಿ ಮುಂದೆ ಹೋದ, ಫೈಲ್ ಹೇಗೂ ಇದೆಯಲ್ಲ ಅಂತ. ಇನ್ನೂ ಎಷ್ಟೋ ಜನ ಫೋಟೋ ತೆಗೆಯುತ್ತಾರೆ, ಅದು ಸೀದಾ ಕ್ಲೌಡ್‌ಗೆ ಹೋಗುತ್ತದೆ. ಪದವೋ ಫೈಲೋ ಅನ್ನುವ ವಾದವೇ ಬೇಡ. ಇಟ್ಟದ್ದನ್ನು ಒಮ್ಮೆ ರಿಸ್ಟೋರ್ ಮಾಡಿ ನೋಡಿದ್ದೀರಾ? ವಾಲೆಟ್ ಚೆನ್ನಾಗಿ ನಡೆಯುತ್ತಿರುವಾಗಲೇ, ನಿಮ್ಮದೇ ಇನ್ನೊಂದು ಕಂಪ್ಯೂಟರ್‌ನಲ್ಲಿ? ಅದೇ ವಿಳಾಸಗಳು, ಎಲ್ಲವೂ, ಬಂದವಾ? ಈ ಪರೀಕ್ಷೆ ಮಾಡಿಸದೆ ಹಸಿರು ಟಿಕ್ ಕೊಡುವುದು ತಪ್ಪು. ಮತ್ತೆ ಹೇಳುತ್ತೇನೆ, ತಪ್ಪು.

ರಾತ್ರಿ ಗೆಳೆಯ ಗಾಬರಿಯಲ್ಲಿ ಎಲ್ಲೋ ಸಹಾಯ ಕೇಳಿ ಬರೆದಿದ್ದಾನೆ. ಐದೇ ನಿಮಿಷಕ್ಕೆ "ರಿಕವರಿ ಎಕ್ಸ್‌ಪರ್ಟ್" ಒಬ್ಬ ಮೆಸೇಜ್ ಮಾಡಿ ಫೈಲ್ ಕಳಿಸಿ, ನೆನಪಿರುವ ಪಾಸ್‌ವರ್ಡ್ ಎಲ್ಲ ಕಳಿಸಿ ಅಂದಿದ್ದಾನೆ. ಕಳಿಸುವವನಿದ್ದ! ದಯವಿಟ್ಟು ಯಾರಿಗೂ ಕಳಿಸಬೇಡಿ.

ಪಾಸ್‌ವರ್ಡ್ ಕಳೆದುಕೊಂಡ ಪ್ರೋಗ್ರಾಮರ್ ಸ್ಟೀಫನ್ ಥಾಮಸ್ ಕಥೆ ನಿಮಗೆ ಗೊತ್ತಿರಬಹುದು. 7,002 ಬಿಟ್‌ಕಾಯಿನ್‌ನ ಕೀ ಇರುವ ಐರನ್‌ಕೀ ಅನ್ನುವ ಪಾಸ್‌ವರ್ಡ್ ಬೀಗದ ಪೆನ್ ಡ್ರೈವ್, ಪಾಸ್‌ವರ್ಡ್ ಹಾಕಲು 10 ಅವಕಾಶ. 2021ರಲ್ಲಿ ಸುದ್ದಿಯಾದಾಗ 8 ಮುಗಿದಿತ್ತು. ನನ್ನ ಗೆಳೆಯನ ಫೈಲ್‌ಗೆ ಅಂಥ ಮಿತಿ ಇಲ್ಲ. ಎಷ್ಟು ಸಲ ಬೇಕಾದರೂ ಹಾಕಿ ನೋಡಬಹುದು, ಅದೊಂದೇ ಸಮಾಧಾನ. ಮೂರು ವರ್ಷದ ಹಿಂದೆ ಯಾವ ಯಾವ ಪಾಸ್‌ವರ್ಡ್ ಬಳಸುತ್ತಿದ್ದೆ, ನೆನಪಾದ ಚೂರುಪಾರು ಎಲ್ಲ ಕಾಗದದಲ್ಲಿ ಬರೆದುಕೊಂಡು ಬಾ ಅಂದಿದ್ದೇನೆ. ಸಂಜೆ ಇಂಟರ್ನೆಟ್ ಕಿತ್ತಿಟ್ಟು ಇಬ್ಬರೂ ಕೂರುತ್ತೇವೆ.