ಮೇಲೆ ನರಕೋಶ, ಕೆಳಗೆ ಜನರೇಟರ್

ಯಾರ ಮಂಡೆಗೆ ಹೊಳೆದ ಪ್ಲಾನ್ ಇದು ಮಾರಾಯ್ರೆ? ನಮ್ಮ ಮೈಕ್ರೋಸ್ಕೋಪ್ ರೂಮಿನ ಸರಿಯಾಗಿ ಕೆಳಗೆ ಜನರೇಟರ್! ಮಂಗಳೂರಿನ ಮಳೆಗಾಲ ಗೊತ್ತಲ್ವಾ, ಗಾಳಿ ಗುಡುಗು ಶುರುವಾದರೆ ಕರೆಂಟ್ ಹೋದ ಹಾಗೆಯೇ. ಕರೆಂಟ್ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ, ಯುಪಿಎಸ್ ಉಂಟು. ಸಿಟ್ಟು ಅದರ ಹಿಂದೆಯೇ ಬರುವ ಗಡಗಡದ ಮೇಲೆ.

ನಾನು ನೋಡುವುದು ಜಿರಳೆಯ ನರಕೋಶ. ("ನಮ್ಮ ಮನೆಗೆ ಬನ್ನಿ, ಬೇಕಾದಷ್ಟು ಹಿಡ್ಕೊಂಡು ಹೋಗಿ" ಅನ್ನುವ ಜೋಕ್ ಸಾಕು, ದಯವಿಟ್ಟು.) ಹೊಟ್ಟೆಯ ಕೊನೆಯ ನರಗಂಟಿನಲ್ಲಿ ಕೆಲವು ದೊಡ್ಡ ಕೋಶಗಳಿವೆ. ದೊಡ್ಡದು ಅಂದರೆ ಸುಮಾರು 50 ಮೈಕ್ರೋಮೀಟರ್, ಅಷ್ಟೇ. ಹೊರಗೆ ತೆಗೆದು ಉಪ್ಪುನೀರಿನಲ್ಲಿ ಇಟ್ಟರೂ ತಮ್ಮಷ್ಟಕ್ಕೆ ವಿದ್ಯುತ್ತಿನ ಮಿಡಿತ ಕೊಡುತ್ತಾ ಇರುತ್ತವೆ, ಯಾರೂ ಚಿವುಟಬೇಕಿಲ್ಲ.

ಆ ಮಿಡಿತ ಹಿಡಿಯುವುದೇ ಕಷ್ಟ. ನರಗಂಟು ಬಿಡಿಸಿ, ಮೇಲಿನ ಪೊರೆ ಸುಲಿದು, ಕೋಶಕ್ಕೆ ಚುಚ್ಚಲು ಗಾಜಿನ ನಳಿಗೆ ಕಾಯಿಸಿ ಎಳೆದು ಮೊನೆ ಮಾಡಬೇಕು. ಮೊನೆ ಒಂದು ಮೈಕ್ರೋಮೀಟರಿಗಿಂತ ಸಣ್ಣದು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ಉಸಿರು ಬಿಗಿಹಿಡಿದು, ಮೊನೆ ಸರಿಸುವ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗುತ್ತೇನೆ. ಮೊನೆ ಕೋಶದ ಒಳಗೆ ಹೊಕ್ಕಿತೋ, ವೋಲ್ಟೇಜ್ ತೋರಿಸುವ ಸ್ಕ್ರೀನಿನ ಗೆರೆ ಒಮ್ಮೆಲೇ ಕೆಳಗೆ ಇಳಿಯುತ್ತದೆ, ಮೈನಸ್ 50 ಮಿಲಿವೋಲ್ಟ್ ಆಸುಪಾಸು. ಆಮೇಲೆ ಒಂದೊಂದೇ ಮಿಡಿತ ಚೂಪಾಗಿ ಏಳುತ್ತದೆ. ಆಗ ಊಟ ತಿಂಡಿ ಏನೂ ಬೇಡ.

ಅಷ್ಟರಲ್ಲಿ ಗಡಗಡಗಡ. ಮೊನೆ ಅಲುಗಿತು, ಕೋಶದ ಪೊರೆ ಹರಿಯಿತು, ಗೆರೆ ಸೊನ್ನೆಗೆ ಬಂತು. ಬೆಳಗ್ಗಿನಿಂದ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಲುಗಾಟ ತಡೆಯುವ ಮೇಜು ಕೇಳಿದೆವು. ಬಜೆಟ್ ಇಲ್ಲವಂತೆ. ನಾವೇ ಕಾರ್ಕಳದಿಂದ ಕರಿಕಲ್ಲಿನ ಚಪ್ಪಡಿ ತರಿಸಿ, ಕೆಳಗೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್ ಇಟ್ಟೆವು. ವರಾಂಡದಲ್ಲಿ ನಡೆಯುವವರ ಹೆಜ್ಜೆಯನ್ನು ಅದು ತಡೆಯುತ್ತದೆ. ಜನರೇಟರ್ ಮುಂದೆ ಅದರ ಆಟ ನಡೆಯುವುದಿಲ್ಲ.

ಆಫೀಸಿಗೆ ಹೋದರೆ, "ಕರೆಂಟ್ ಬರುವ ತನಕ ಸ್ವಲ್ಪ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಶುರು ಮಾಡಿ" ಅಂತಾರೆ. ಟಿವಿ ಸೀರಿಯಲ್ಲಾ ಸಾರ್ ಇದು? ಹರಿದ ಕೋಶ ಸತ್ತೇ ಹೋಗುತ್ತದೆ. ಮತ್ತೆ ಇನ್ನೊಂದು ಜಿರಳೆ, ಇನ್ನೊಂದು ನರಗಂಟು.

ಹಿಂದುಗಡೆ ಕಾಂಪೌಂಡಿನ ಹತ್ತಿರ ಬೇಕಾದಷ್ಟು ಜಾಗ ಉಂಟು. ಅಲ್ಲಿ ಮುರಿದ ಬೆಂಚು ಪೇರಿಸಿ, ನೆನೆಯಬಾರದು ಅಂತ ಶೀಟ್ ಬೇರೆ ಹೊದೆಸಿದ್ದಾರೆ! ಜನರೇಟರನ್ನು ಅಲ್ಲಿಗೆ ಹಾಕಿ ಅಂದರೆ ಕೇಬಲ್ ಖರ್ಚು ಜಾಸ್ತಿಯಂತೆ. ಮೇಲಿಂದ ವರ್ಷದ ಕೊನೆಗೆ ನಮ್ಮನ್ನೇ ಕೇಳುತ್ತಾರೆ, "ರಿಸರ್ಚ್ ಪೇಪರ್ ಎಲ್ಲಿ ಮೇಡಂ?"