ಪ್ಯಾಪ್ ಟೆಸ್ಟ್‌ನಲ್ಲಿ ಬದಲಾವಣೆ ಕಂಡರೆ ಗರ್ಭಕೋಶವನ್ನೇ ತೆಗೆಸಬೇಕಾ?

ಪ್ಯಾಪ್ ಟೆಸ್ಟ್ ಅಂದರೆ ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ತೆಗೆದು ನೋಡುವ ಪರೀಕ್ಷೆ. ಅದರಲ್ಲಿ ಬದಲಾವಣೆ ಅಂದರೆ ಕ್ಯಾನ್ಸರೇ, ಕೂಡಲೇ ಗರ್ಭಕೋಶ ತೆಗೆಸಿ ಅನ್ನೋ ಮೆಸೇಜ್ ಆಗಾಗ ಬರುತ್ತದೆ, ಅಲ್ವಾ? ಕಾಳಜಿಯಿಂದಲೇ ಕಳಿಸುತ್ತಾರೆ, ಆದರೆ ಅದು ತಪ್ಪು. ಗರ್ಭಕೋಶದ ಬಾಯಲ್ಲಾಗುವ ಈ ಬದಲಾವಣೆಗೆ ಹೆಚ್ಚಾಗಿ ಕಾರಣ ಎಚ್‌ಪಿವಿ ವೈರಸ್, ಅದನ್ನು ಹೆಚ್ಚಿನವರ ದೇಹವೇ 1–2 ವರ್ಷದಲ್ಲಿ ಹೊರಹಾಕುತ್ತದೆ. ಬದಲಾವಣೆ ಎಷ್ಟಿದೆ ಅನ್ನುವುದನ್ನು ‘ಸಿಐಎನ್’ ಅಂತ 1ರಿಂದ 3ರವರೆಗಿನ ಹಂತಗಳಲ್ಲಿ ಹೇಳುತ್ತಾರೆ, 1 ಕಡಿಮೆ, 3 ಹೆಚ್ಚು. ‘ಸಿಐಎನ್ 1’ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ, ‘ಸಿಐಎನ್ 2’ ಕೂಡ ಸುಮಾರು ಅರ್ಧ ಜನರಲ್ಲಿ 2 ವರ್ಷದೊಳಗೆ ಇಳಿಯುತ್ತದೆ, ಹಾಗಾಗಿ ಮುಂದೆ ಮಕ್ಕಳು ಬೇಕೆನ್ನುವ ಚಿಕ್ಕ ವಯಸ್ಸಿನವರಿಗೆ ಡಾಕ್ಟರು 6 ತಿಂಗಳಿಗೊಮ್ಮೆ ಕಾಲ್ಪೊಸ್ಕೋಪಿ (ಗರ್ಭಕೋಶದ ಬಾಯನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವುದು) ಮಾಡಿ ಕಾದು ನೋಡುವುದುಂಟು. ಕಾಯೋದು ಅಂದರೆ ಸುಮ್ನೆ ಬಿಡೋದಲ್ಲ, ಚೆಕಪ್ ತಪ್ಪಿಸಬಾರದು. ‘ಸಿಐಎನ್ 3’ಕ್ಕೆ ಚಿಕಿತ್ಸೆ ಬೇಕು, ಆಗಲೂ ಸಾಮಾನ್ಯವಾಗಿ ಕೆಟ್ಟ ಭಾಗವನ್ನಷ್ಟೇ ತೆಗೆಯುತ್ತಾರೆ. ಮೆಸೇಜ್ ಬಂದಾಗ ಯಾವ ಹಂತ, ಯಾವ ವಯಸ್ಸು ಅಂತ ಬರೆದಿದೆಯಾ ನೋಡಿ. ನಿಮ್ಮದೇ ರಿಪೋರ್ಟಾದರೆ ಸಿಐಎನ್ ಸಂಖ್ಯೆ ಹುಡುಕಿ, ಬಯಾಪ್ಸಿ (ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ) ಆಗಿದೆಯಾ ಅಂತ ಡಾಕ್ಟರನ್ನೇ ಕೇಳಿ.